ಮಸೀದಿಗೆ ಭೇಟಿ: ಹೋಗುವ ಮುನ್ನ ಏನು ಓದಬೇಕು, ಒಳಗೆ ಏನು ಗಮನಿಸಬೇಕು, ಏನು ಕೇಳಬೇಕು

ಮಸೀದಿಯ ಒಳಗೆ ವಿಗ್ರಹವಿಲ್ಲ, ಪಟಗಳಿಲ್ಲ, ಕುರ್ಚಿಗಳ ಸಾಲಿಲ್ಲ. ಹಾಗಾಗಿ ಸಿದ್ಧತೆಯಿಲ್ಲದೆ ಹೋದವರು ಹತ್ತು ನಿಮಿಷದಲ್ಲಿ ಕಟ್ಟಡ ನೋಡಿ ಮುಗಿಸಿ ಹೊರಗೆ ಬಂದುಬಿಡುತ್ತಾರೆ. ಅಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು. ಯಹೂದಿ ಮತ್ತು ಕ್ರೈಸ್ತ ಧರ್ಮಗಳೊಂದಿಗೆ ಇಸ್ಲಾಮಿಗಿರುವ ನಂಟು ಅಜಾನ್ (ನಮಾಜಿನ ಕರೆ), ವುಜೂ (ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆಯುವುದು), ನಮಾಜ್, ಕುರ್‌ಆನ್ ಪಠಣ ಇವುಗಳ ಒಳಗೇ ಸೇರಿಕೊಂಡಿದೆ. ಎಲ್ಲಿ ಏನಿದೆ ಎಂದು ಮೊದಲೇ ಗೊತ್ತಿದ್ದರೆ ಒಂದೇ ಭೇಟಿಯಲ್ಲಿ ಬಹಳಷ್ಟು ತಿಳಿಯುತ್ತದೆ.

ಹೋಗುವ ಮುನ್ನ ಓದಿಕೊಳ್ಳಿ

ಇದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧಂಬರ್ಧ. ಇಡೀ ಕುರ್‌ಆನ್ ಓದಬೇಕಿಲ್ಲ. ಅದರಲ್ಲಿ 114 ಸೂರಾಗಳಿವೆ (ಅಧ್ಯಾಯಗಳು); ನಿಮಗೆ ಸದ್ಯಕ್ಕೆ ಬೇಕಾದದ್ದು ಎರಡು. 12ನೆಯ ಸೂರಾ ಯೂಸುಫ್, 19ನೆಯ ಸೂರಾ ಮರ್ಯಮ್. ಜೊತೆಗೆ ಬೈಬಲ್‌ನಿಂದ ಆದಿಕಾಂಡದ 37 ಮತ್ತು 39ರಿಂದ 50ರವರೆಗಿನ ಅಧ್ಯಾಯಗಳು, ಲೂಕನ ಸುವಾರ್ತೆಯ ಮೊದಲ ಎರಡು ಅಧ್ಯಾಯಗಳು. ಒಂದು ಸಂಜೆ ಸಾಕು.

ಓದುವಾಗ ಒಂದು ಹಾಳೆಯ ನಡುವೆ ಗೆರೆ ಎಳೆದು, ಎರಡು ಗ್ರಂಥಗಳಲ್ಲೂ ಇರುವುದನ್ನು ಒಂದು ಕಡೆ, ಬೇರೆಯಾಗುವುದನ್ನು ಇನ್ನೊಂದು ಕಡೆ ಬರೆದುಕೊಳ್ಳಿ. ಯೂಸುಫರ (ಬೈಬಲ್‌ನ ಯೋಸೇಫ) ಕಥೆಯನ್ನೇ ನೋಡಿ. ಅಣ್ಣಂದಿರ ಹೊಟ್ಟೆಕಿಚ್ಚು, ಗುಂಡಿಗೆ ತಳ್ಳುವುದು, ಈಜಿಪ್ಟಿಗೆ ಮಾರಾಟ, ಒಡೆಯನ ಹೆಂಡತಿಯ ಆಸೆ, ಸೆರೆಮನೆ, ಕನಸುಗಳ ಅರ್ಥ, ಬರಗಾಲ, ಕೊನೆಗೆ ಅಣ್ಣಂದಿರಿಗೆ ಕ್ಷಮೆ: ಎಲ್ಲವೂ ಎರಡರಲ್ಲೂ ಇವೆ. ಆದರೆ ಅಂಗಿಯ ಪ್ರಸಂಗ ಬೇರೆ. ಆದಿಕಾಂಡದಲ್ಲಿ ಆಕೆಯ ಕೈಯಲ್ಲುಳಿದ ಬಟ್ಟೆಯೇ ಯೋಸೇಫನ ವಿರುದ್ಧ ಸಾಕ್ಷಿಯಾಗಿ ಅವನು ಸೆರೆಗೆ ಬೀಳುತ್ತಾನೆ. ಕುರ್‌ಆನ್‌ನಲ್ಲಿ (12:25–28) ಅದೇ ಬಟ್ಟೆ ಅವರ ಪರ ಸಾಕ್ಷಿಯಾಗುತ್ತದೆ. ಅಂಗಿ ಮುಂದೆ ಹರಿದಿದ್ದರೆ ಆಕೆ ಹೇಳಿದ್ದು ನಿಜ, ಹಿಂದೆ ಹರಿದಿದ್ದರೆ ಆಕೆ ಹೇಳಿದ್ದು ಸುಳ್ಳು ಎಂದು ಆಕೆಯ ಮನೆಯವರೇ ಒಬ್ಬರು ಹೇಳುತ್ತಾರೆ. ಅಂಗಿ ಹಿಂದೆ ಹರಿದಿರುತ್ತದೆ. ಪ್ರವಾದಿಯಾದ ಯೂಸುಫರ ನಿರ್ದೋಷಿತ್ವ ಅಲ್ಲೇ ಬಯಲಾಗಬೇಕು ಎಂಬುದು ಕುರ್‌ಆನ್‌ನ ಒತ್ತು.

ಇಂಥ ವ್ಯತ್ಯಾಸಗಳು ಇನ್ನೂ ಇವೆ. ಆದಿಕಾಂಡದಲ್ಲಿ ನೋಹನ ಮೂವರು ಮಕ್ಕಳೂ ನಾವೆ ಹತ್ತುತ್ತಾರೆ. ಕುರ್‌ಆನ್‌ನಲ್ಲಿ (11:42–43) ನೂಹರ ಒಬ್ಬ ಮಗ ಬೆಟ್ಟ ಹತ್ತಿ ಬದುಕುತ್ತೇನೆಂದು ಹಟ ಮಾಡಿ ಮುಳುಗುತ್ತಾನೆ. ಚಿನ್ನದ ಕರುವನ್ನು ವಿಮೋಚನಕಾಂಡದಲ್ಲಿ ಆರೋನ ಮಾಡಿಕೊಡುತ್ತಾನೆ. ಕುರ್‌ಆನ್‌ನಲ್ಲಿ ಅದನ್ನು ಮಾಡುವವನು ಸಾಮಿರಿ, ಹಾರೂನರು (ಆರೋನ) ಜನರನ್ನು ತಡೆಯಲು ನೋಡುತ್ತಾರೆ. ಮೋಶೆಯನ್ನು ಸಾಕುವವಳು ಬೈಬಲ್‌ನಲ್ಲಿ ಫರೋಹನ ಮಗಳು. ಕುರ್‌ಆನ್‌ನಲ್ಲಿ ಮಗುವನ್ನು ಉಳಿಸಿಕೊಳ್ಳೋಣ ಎನ್ನುವವಳು ಅವನ ಹೆಂಡತಿ. ಈ ಹಾಳೆ ಜೇಬಿನಲ್ಲಿದ್ದರೆ ಇಮಾಮರ (ನಮಾಜ್ ಮುನ್ನಡೆಸುವವರು) ಮುಂದೆ ಕೂತಾಗ ಮಾತಿಗೆ ತಡಕಾಡಬೇಕಿಲ್ಲ.

ಹೆಸರುಗಳ ಪರಿಚಯವೂ ಇರಲಿ. ಇಬ್ರಾಹೀಂ ಎಂದರೆ ಅಬ್ರಹಾಮ, ಮೂಸಾ ಎಂದರೆ ಮೋಶೆ, ದಾವೂದ್ ಎಂದರೆ ದಾವೀದ, ಸುಲೈಮಾನ್ ಎಂದರೆ ಸೊಲೊಮೋನ, ಯಹ್ಯಾ ಎಂದರೆ ಸ್ನಾನಿಕ ಯೋಹಾನ, ಮರ್ಯಮ್ ಎಂದರೆ ಮರಿಯ, ಈಸಾ ಎಂದರೆ ಯೇಸು, ಜಿಬ್ರೀಲ್ ಎಂದರೆ ದೇವದೂತ ಗಬ್ರಿಯೇಲ್. ಕುರ್‌ಆನ್ ಹೆಸರಿಸುವ ಪ್ರವಾದಿಗಳು 25 ಎಂಬುದು ರೂಢಿಯ ಎಣಿಕೆ. ಅವರಲ್ಲಿ ಅತಿ ಹೆಚ್ಚು ಸಲ ಬರುವ ಹೆಸರು ಮೂಸಾ.

ಅನುಮತಿ ಮತ್ತು ಸಮಯ

ಮುಸ್ಲಿಮೇತರರಿಗೆ ಪ್ರವೇಶ ಎಲ್ಲೆಡೆ ಒಂದೇ ರೀತಿ ಇಲ್ಲ. ಮೆಕ್ಕಾ ನಗರಕ್ಕೆ ಅವರಿಗೆ ಪ್ರವೇಶವೇ ಇಲ್ಲ. ಮೊರಾಕ್ಕೊದಲ್ಲಿ ಕಾಸಾಬ್ಲಾಂಕಾದ ಎರಡನೆಯ ಹಸನ್ ಮಸೀದಿಯಂಥ ಕೆಲವನ್ನು ಬಿಟ್ಟರೆ ಬಳಕೆಯಲ್ಲಿರುವ ಮಸೀದಿಗಳು ಸಾಮಾನ್ಯವಾಗಿ ಹೊರಗಿನವರಿಗೆ ತೆರೆದಿರುವುದಿಲ್ಲ. ಟರ್ಕಿಯಲ್ಲಿ ನಮಾಜಿನ ಹೊತ್ತು ಬಿಟ್ಟು ಉಳಿದ ಸಮಯದಲ್ಲಿ ಯಾರು ಬೇಕಾದರೂ ಹೋಗಬಹುದು. ಹಾಗಾಗಿ ಕನಿಷ್ಠ ಒಂದು ವಾರ ಮೊದಲೇ ಫೋನ್ ಮಾಡಿ ಕೇಳಿ. ಕಟ್ಟಡ ನೋಡಲು ಅನುಮತಿ ಕೊಡುವುದು ಹೆಚ್ಚಾಗಿ ಮಸೀದಿ ಸಮಿತಿ. ಧರ್ಮದ ವಿಷಯ ವಿವರಿಸುವವರು ಇಮಾಮ್. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಹೇಳಿ ಹೋದರೆ ಬಾಗಿಲು ತೆರೆದಿರುತ್ತದೆ, ಮಾತಾಡುವವರು ಇರುವುದಿಲ್ಲ. ಎಷ್ಟು ಜನ, ಹೆಂಗಸರು ಎಷ್ಟು, ನಮಾಜ್ ನೋಡಲು ಕೂರಬಹುದೇ, ಪ್ರಶ್ನೆ ಕೇಳಲು ಯಾರಾದರೂ ಸಿಗುತ್ತಾರೆಯೇ, ಈ ನಾಲ್ಕನ್ನೂ ಫೋನಿನಲ್ಲೇ ಇತ್ಯರ್ಥ ಮಾಡಿಕೊಳ್ಳಿ.

ಮೊದಲ ಭೇಟಿಗೆ ಶುಕ್ರವಾರ ಮಧ್ಯಾಹ್ನ ಬೇಡ. ಶುಕ್ರವಾರದ ಸಾಮೂಹಿಕ ನಮಾಜಾದ ಜುಮಾಗೆ ಜನ ಕಿಕ್ಕಿರಿದಿರುತ್ತಾರೆ, ಇಮಾಮರಿಗೆ ಬಿಡುವಿರುವುದಿಲ್ಲ. ರಂಜಾನ್‌ನ ಸಂಜೆಗಳೂ ಹಾಗೆಯೇ, ಅವರೇ ಇಫ್ತಾರಿಗೆ ಕರೆದರೆ ಬೇರೆ ಮಾತು. ನಮ್ಮ ಸಲಹೆ: ಸೂರ್ಯಾಸ್ತಕ್ಕೆ ಒಂದು ಗಂಟೆ ಇರುವಾಗ ತಲುಪಿ. ಅಸರ್ (ಇಳಿಹೊತ್ತಿನ ನಮಾಜ್) ಮುಗಿದಿರುತ್ತದೆ, ಮಗ್ರಿಬ್‌ಗೆ (ಸೂರ್ಯಾಸ್ತದ ನಮಾಜ್) ಸಮಯವಿರುತ್ತದೆ. ಕಟ್ಟಡ ನೋಡಿ, ಮಾತಾಡಿ, ಮಗ್ರಿಬ್ ನಮಾಜ್ ನೋಡಿ ಹೊರಡಬಹುದು. ಮಗ್ರಿಬ್ ಏಕೆಂದರೆ ಜುಹರ್ (ಮಧ್ಯಾಹ್ನದ ನಮಾಜ್) ಮತ್ತು ಅಸರ್‌ನಲ್ಲಿ ಇಮಾಮರು ಕುರ್‌ಆನನ್ನು ಮೌನವಾಗಿ ಓದುತ್ತಾರೆ, ನಿಮಗೆ ಏನೂ ಕೇಳಿಸುವುದಿಲ್ಲ. ಫಜರ್‌ನಲ್ಲಿಯೂ (ಮುಂಜಾನೆಯ ನಮಾಜ್), ಮಗ್ರಿಬ್ ಮತ್ತು ಇಶಾದ (ರಾತ್ರಿಯ ನಮಾಜ್) ಮೊದಲ ಎರಡು ರಕಾತ್‌ಗಳಲ್ಲಿಯೂ (ನಮಾಜಿನ ಸುತ್ತುಗಳು) ಓದು ಗಟ್ಟಿಯಾಗಿರುತ್ತದೆ. ಇಡೀ ಮಗ್ರಿಬ್ ನಮಾಜ್ ಹತ್ತು ನಿಮಿಷದೊಳಗೆ ಮುಗಿಯುತ್ತದೆ.

ಇಲ್ಲಿ ಹಲವರು ಎಡವುವುದು ಮೊಬೈಲ್ ಆ್ಯಪ್ ನಂಬಿ. ಆ್ಯಪ್ ತೋರಿಸುವುದು ನಮಾಜಿನ ವೇಳೆ ಆರಂಭವಾಗುವ ಹೊತ್ತನ್ನು. ಎಲ್ಲರೂ ಸೇರಿ ನಮಾಜ್ ಮಾಡುವ ಜಮಾತ್‌ನ ಸಮಯವನ್ನು ಆಯಾ ಮಸೀದಿಯೇ ನಿಗದಿ ಮಾಡುತ್ತದೆ. ಅದು ಗೋಡೆಯ ಫಲಕದಲ್ಲಿರುತ್ತದೆ. ಮಗ್ರಿಬ್‌ನಲ್ಲಿ ಎರಡಕ್ಕೂ ಅಂತರ ಕೆಲವೇ ನಿಮಿಷ, ಇಶಾದಲ್ಲಿ ಅರ್ಧ ಗಂಟೆಗೂ ಮೀರಬಹುದು. ಸೂರ್ಯನನ್ನು ಅನುಸರಿಸುವುದರಿಂದ ಹೊತ್ತು ದಿನದಿನಕ್ಕೂ ಸರಿಯುತ್ತದೆ.

ಉಡುಪು

ಗಂಡಸರಿಗೆ ಮಂಡಿ ಮುಚ್ಚುವ ಉಡುಪು ಕನಿಷ್ಠ, ಉದ್ದನೆಯ ಪ್ಯಾಂಟ್ ಉತ್ತಮ. ಹೆಂಗಸರಿಗೆ ಕೈ, ಕಾಲು ಮುಚ್ಚುವ ಸಡಿಲ ಉಡುಪು, ತಲೆಗೆ ಹೊದೆಯಲು ದುಪಟ್ಟಾ. ಬೆನ್ನ ಮೇಲೆ ಮುಖ, ಚಿತ್ರ, ದೊಡ್ಡ ಅಕ್ಷರ ಇರುವ ಅಂಗಿ ಬೇಡ. ಹಿಂದಿನ ಸಾಲಿನವರ ಕಣ್ಣು ಅದರ ಮೇಲೆ ಬೀಳುತ್ತದೆ. ಕಾಲುಚೀಲ ಒಗೆದದ್ದಾಗಿರಲಿ, ಏಕೆಂದರೆ ನೀವು ನಡೆಯುವ ಕಾರ್ಪೆಟ್ಟಿಗೆ ಅವರು ಹಣೆ ಹಚ್ಚುತ್ತಾರೆ. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬೇಡಿ ಎಂದು ಹದೀಸಿನಲ್ಲೇ (ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿ) ಇದೆ, ಅದನ್ನೂ ನೆನಪಿಡಿ. ಹೂವು, ಕಾಣಿಕೆ ಏನೂ ಬೇಕಿಲ್ಲ.

ಬಾಗಿಲಿನಿಂದ ಮಿಹ್ರಾಬಿನವರೆಗೆ

ಪಾದರಕ್ಷೆಯನ್ನು ಕಾರ್ಪೆಟ್ ಆರಂಭವಾಗುವ ಮೊದಲೇ ಬಿಟ್ಟು ಗೂಡಿನಲ್ಲಿಡಿ. ಕಳಚಿದ ಮೇಲೆ ಅದೇ ಹೊರಗಿನ ನೆಲದ ಮೇಲೆ ಕಾಲಿಟ್ಟು ಒಳಬರಬೇಡಿ. ಕಳಚಿದ ಕಾಲನ್ನು ನೇರ ಒಳಗಿಡಬೇಕು. ಮಸೀದಿಯಲ್ಲಿ ಈ ನಿಯಮವಿರುವುದು ಸಜ್ದಾ (ಹಣೆಯನ್ನು ನೆಲಕ್ಕೆ ಹಚ್ಚುವುದು) ಮಾಡುವ ನೆಲ ಶುಚಿಯಾಗಿರಲೆಂದು. ಪವಿತ್ರ ನೆಲದಲ್ಲಿ ಪಾದರಕ್ಷೆ ಕಳಚು ಎಂದು ಮೋಶೆಗೆ ಬಂದ ಆಜ್ಞೆ ವಿಮೋಚನಕಾಂಡ 3:5ರಲ್ಲೂ ಇದೆ, ಕುರ್‌ಆನ್ 20:12ರಲ್ಲೂ ಇದೆ.

ಹೆಂಗಸರ ಜಾಗ ಪ್ರತ್ಯೇಕವಾಗಿರಬಹುದು, ಬಾಗಿಲೂ ಬೇರೆ ಇರಬಹುದು. ಗಂಡ ಹೆಂಡತಿ ಒಟ್ಟಿಗೆ ಬಂದವರು ಬೇರೆಬೇರೆ ಕೂರಲು ಸಿದ್ಧರಾಗಿರಿ. ಎದುರಿನವರು ಕೈ ಚಾಚದಿದ್ದರೆ ನೀವೂ ಚಾಚಬೇಡಿ. ಗಂಡಸರು ಹೆಂಗಸರು ಪರಸ್ಪರ ಕೈ ಕುಲುಕದಿರುವುದು ಅಲ್ಲಿ ಮರ್ಯಾದೆಯ ಕ್ರಮ, ಎದೆಗೆ ಕೈಯಿಟ್ಟು ತಲೆಬಾಗಿದರೆ ಸಾಕು.

ವುಜೂ ಮಾಡುವ ಜಾಗವನ್ನು ತಪ್ಪದೆ ನೋಡಿ. ನಲ್ಲಿಗಳ ಮುಂದೆ ಗಿಡ್ಡ ಕಟ್ಟೆಗಳಿರುತ್ತವೆ. ಮಣಿಕಟ್ಟಿನವರೆಗೆ ಕೈ, ಬಾಯಿ, ಮೂಗು, ಮುಖ, ಬಲಗೈ ಮತ್ತು ಎಡಗೈ ಮೊಣಕೈವರೆಗೆ, ಇಷ್ಟನ್ನೂ ಮೂರು ಮೂರು ಸಲ ತೊಳೆಯುವುದು ವಾಡಿಕೆ. ಆಮೇಲೆ ಒದ್ದೆ ಕೈಯಿಂದ ತಲೆ ಮತ್ತು ಕಿವಿ ಸವರಿ, ಕೊನೆಗೆ ಹರಡಿನವರೆಗೆ ಪಾದ, ಬಲಗಾಲು ಮೊದಲು. ಸುನ್ನಿಗಳ ಕ್ರಮ ಇದು. ಶಿಯಾಗಳು ಪಾದವನ್ನು ತೊಳೆಯುವ ಬದಲು ಸವರುತ್ತಾರೆ. ಆರೋನ ಮತ್ತು ಅವನ ಮಕ್ಕಳು ಸೇವೆಗೆ ಹೋಗುವ ಮುನ್ನ ಕೈಕಾಲು ತೊಳೆಯಬೇಕೆಂದು ವಿಮೋಚನಕಾಂಡ 30ರಲ್ಲಿ ವಿಧಿಸಿದೆ. ಯಾಜಕರಿಗಿದ್ದ ಆ ನಿಯಮದ ಪಕ್ಕದಲ್ಲಿ, ನಮಾಜ್ ಮಾಡುವ ಪ್ರತಿಯೊಬ್ಬರಿಗೂ ವಿಧಿಸಿದ ಈ ನಿಯಮವನ್ನು (ಕುರ್‌ಆನ್ 5:6) ಇಟ್ಟು ನೋಡಿ. ಇಸ್ಲಾಮಿನಲ್ಲಿ ಪುರೋಹಿತ ವರ್ಗವಿಲ್ಲ ಎಂಬ ಮಾತಿನ ಅರ್ಥ ಆಗ ತಿಳಿಯುತ್ತದೆ. ನೀವು ವುಜೂ ಮಾಡಬೇಕಿಲ್ಲ.

ಒಳಗೆ ಮುಂದಿನ ಗೋಡೆಯಲ್ಲಿ ಕಮಾನಿನ ಗೂಡಿನಂತೆ ಒಳಸರಿದಿರುವುದು ಮಿಹ್ರಾಬ್. ಅದು ಪೂಜಿಸುವ ಜಾಗವಲ್ಲ, ಮೆಕ್ಕಾದ ಕಾಬಾದ ದಿಕ್ಕು ತೋರಿಸುವ ಗುರುತು. ಅದರ ಬಲಕ್ಕೆ ಮೆಟ್ಟಿಲುಳ್ಳ ಮಿಂಬರ್, ಶುಕ್ರವಾರದ ಖುತ್ಬಾಗೆ (ಪ್ರವಚನ). ಒಟ್ಟೋಮನ್ ಕಾಲದ ಹಲವು ಮಸೀದಿಗಳಲ್ಲಿ ಮಿಹ್ರಾಬಿನ ಮೇಲೆ ಕುರ್‌ಆನ್ 3:37ರ ಒಂದು ಸಾಲು ಕೆತ್ತಿರುತ್ತಾರೆ: ಜಕರಿಯಾ (ಯಹ್ಯಾರ ತಂದೆ) ಮಿಹ್ರಾಬಿನೊಳಗೆ ಬಂದಾಗಲೆಲ್ಲ ಮರ್ಯಮರ ಬಳಿ ಆಹಾರವನ್ನು ಕಾಣುತ್ತಿದ್ದರು ಎಂಬ ಸಾಲು. ಅಂದರೆ ಮೆಕ್ಕಾದತ್ತ ಮುಖ ಮಾಡಿ ನಿಂತವರ ಕಣ್ಣೆದುರಿಗೆ ಯೇಸುವಿನ ತಾಯಿಯ ಪ್ರಸಂಗ. ಗೋಡೆಯ ಬರಹ ಏನೆಂದು ಕೇಳುವುದನ್ನು ಮರೆಯಬೇಡಿ, ಪ್ರತಿ ಮಸೀದಿಯಲ್ಲೂ ಉತ್ತರ ಬೇರೆ.

ಕಿಬ್ಲಾದ (ನಮಾಜಿನಲ್ಲಿ ಮುಖ ಮಾಡುವ ದಿಕ್ಕು) ಬಗ್ಗೆಯೂ ಇಲ್ಲೇ ಕೇಳಿ. ಪ್ರವಾದಿ ಮುಹಮ್ಮದರು 622ರಲ್ಲಿ ಮದೀನಾಕ್ಕೆ ಬಂದ ಮೇಲೆ ಹದಿನಾರು ಹದಿನೇಳು ತಿಂಗಳು ಮುಸ್ಲಿಮರು ಜೆರುಸಲೇಮಿನ ಕಡೆಗೇ ಮುಖ ಮಾಡಿ ನಮಾಜ್ ಮಾಡುತ್ತಿದ್ದರು. ಆಮೇಲೆ ಮೆಕ್ಕಾದ ಕಡೆ ತಿರುಗಲು ಆಜ್ಞೆಯಾಯಿತು (2:144). ಯಹೂದಿಗಳು ಇಂದಿಗೂ ಜೆರುಸಲೇಮಿನತ್ತ ತಿರುಗಿ ಪ್ರಾರ್ಥಿಸುತ್ತಾರೆ. ದಾನಿಯೇಲ ದಿನಕ್ಕೆ ಮೂರು ಸಲ ಹಾಗೆ ಮಾಡುತ್ತಿದ್ದನೆಂದು ಬೈಬಲ್‌ನಲ್ಲಿದೆ.

ಕುರ್‌ಆನ್ ಪ್ರತಿಯನ್ನು ಕೇಳದೆ ಮುಟ್ಟಬೇಡಿ, ಕೊಟ್ಟರೆ ನೆಲದ ಮೇಲೆ ಇಡಬೇಡಿ, ರೇಹಲ್ (ಗ್ರಂಥವಿಡುವ ಮಡಚುವ ಪೀಠ) ಮೇಲಿಡಿ. ಫೋಟೊಗೆ ಮೊದಲು ಅನುಮತಿ, ನಮಾಜ್ ನಡೆಯುವಾಗ ಫೋಟೊ ಬೇಡವೇ ಬೇಡ.

ನಮಾಜ್ ನೋಡುವಾಗ

ಹಿಂದಿನ ಗೋಡೆಗೆ ಹತ್ತಿರ, ಹಾದಿಗೆ ಅಡ್ಡವಾಗದಂತೆ ಕೂರಿ. ನಮಾಜ್ ಮಾಡುತ್ತಿರುವವರ ಮುಂದೆ ಹಾಯಬೇಡಿ, ಒಬ್ಬರೇ ಮೂಲೆಯಲ್ಲಿ ಮಾಡುತ್ತಿದ್ದರೂ ಅಷ್ಟೆ. ಭೇಟಿಗೆ ಬಂದವರು ಮಾಡುವ ದೊಡ್ಡ ತಪ್ಪು ಇದೇ. ನಮಾಜಿನಲ್ಲಿರುವವರನ್ನು ಮಾತಾಡಿಸಿದರೆ ಉತ್ತರ ಬರುವುದಿಲ್ಲ. ಅದು ಅಸಡ್ಡೆಯಲ್ಲ, ಮಾತಾಡಿದರೆ ನಮಾಜ್ ಮುರಿಯುತ್ತದೆ.

ಅಜಾನ್ ಹೇಗೆ ಬಂತು ಎಂಬುದಕ್ಕೆ ಹದೀಸಿನಲ್ಲಿ ವಿವರವಿದೆ. ಜನರನ್ನು ಕರೆಯಲು ಕ್ರೈಸ್ತರಂತೆ ಬಡಿದು ಸದ್ದು ಮಾಡುವುದೋ ಯಹೂದಿಗಳಂತೆ ಕೊಂಬು ಊದುವುದೋ ಎಂಬ ಚರ್ಚೆ ನಡೆದು, ಕೊನೆಗೆ ಮನುಷ್ಯನ ದನಿಯೇ ಆಗಲಿ ಎಂದಾಯಿತು. ಮೊದಲು ಕೂಗಿದವರು ಪ್ರವಾದಿಯ ಸಂಗಾತಿ ಬಿಲಾಲ್. ಜಮಾತ್ ನಿಲ್ಲುವಾಗ ಇಕಾಮತ್ ಎಂಬ ಎರಡನೆಯ ಕರೆ ಬರುತ್ತದೆ, ಎಲ್ಲರೂ ಭುಜಕ್ಕೆ ಭುಜ ತಾಗುವಂತೆ ಸಾಲು ಕಟ್ಟುತ್ತಾರೆ.

ಒಂದು ರಕಾತ್ ಎಂದರೆ ನಿಲ್ಲುವುದು, ಬಾಗುವುದು, ಮತ್ತೆ ನೆಟ್ಟಗಾಗುವುದು, ಎರಡು ಸಜ್ದಾ. ಫಜರ್‌ಗೆ ಕಡ್ಡಾಯ ರಕಾತ್‌ಗಳು 2, ಜುಹರ್‌ಗೆ 4, ಅಸರ್‌ಗೆ 4, ಮಗ್ರಿಬ್‌ಗೆ 3, ಇಶಾಗೆ 4: ದಿನಕ್ಕೆ 17. ಸಜ್ದಾದಲ್ಲಿ ನೆಲ ಮುಟ್ಟುವ ಅಂಗಗಳು ಏಳು: ಮೂಗಿನ ಸಮೇತ ಹಣೆ, ಎರಡು ಅಂಗೈ, ಎರಡು ಮಂಡಿ, ಎರಡು ಪಾದಗಳ ಬೆರಳು. ಬೆರಳ ತುದಿಗಳು ಕಿಬ್ಲಾದತ್ತ ಮಡಚಿರುತ್ತವೆ. ಕೈಯನ್ನು ಕೆಲವರು ಎದೆಯ ಮೇಲೆ, ಕೆಲವರು ಹೊಕ್ಕುಳ ಕೆಳಗೆ ಕಟ್ಟುತ್ತಾರೆ, ಶಿಯಾಗಳು ಮತ್ತು ಹಲವು ಮಾಲಿಕಿಗಳು (ಸುನ್ನಿಗಳ ಒಂದು ಪಂಥದವರು) ಇಳಿಬಿಡುತ್ತಾರೆ. ಶಿಯಾ ಮಸೀದಿಯಲ್ಲಿ ಹಣೆಯಡಿ ಪುಟ್ಟ ಮಣ್ಣಿನ ಬಿಲ್ಲೆ ಕಾಣುತ್ತದೆ. ಜುಹರ್–ಅಸರ್, ಮಗ್ರಿಬ್–ಇಶಾಗಳನ್ನು ಜೊತೆಯಾಗಿ ಮಾಡುವುದೂ ಅಲ್ಲಿ ಸಾಮಾನ್ಯ. ಇವು ಪಂಥಗಳ ವ್ಯತ್ಯಾಸ, ಯಾರೋ ತಪ್ಪು ಮಾಡುತ್ತಿದ್ದಾರೆಂದು ಭಾವಿಸಬೇಡಿ.

ಮೊದಲು ಕೇಳಿಸುವುದು 7 ಆಯತ್‌ಗಳ (ವಚನಗಳು) ಅಲ್‌ಫಾತಿಹಾ, ಕುರ್‌ಆನ್‌ನ ಮೊದಲ ಸೂರಾ. ಅದರ ಕೊನೆಗೆ ಆಮೀನ್. ಸಿನಗಾಗಿನಲ್ಲೂ (ಯಹೂದಿಗಳ ಪ್ರಾರ್ಥನಾ ಮಂದಿರ) ಚರ್ಚಿನಲ್ಲೂ ಪ್ರಾರ್ಥನೆ ಮುಗಿಯುವುದು ಅದರಿಂದಲೇ. ಆದರೆ ನಂಟಿನ ಅತ್ಯಂತ ದಟ್ಟವಾದ ಜಾಗ ನಿಮಗೆ ಕೇಳಿಸುವುದೇ ಇಲ್ಲ. ಕೊನೆಯ ರಕಾತ್‌ನಲ್ಲಿ ಕೂತಾಗ ಸುನ್ನಿಗಳು ಮೌನವಾಗಿ ದರೂದೆ ಇಬ್ರಾಹೀಂ ಹೇಳುತ್ತಾರೆ: ಇಬ್ರಾಹೀಮರಿಗೂ ಅವರ ಮನೆತನಕ್ಕೂ ಕೃಪೆ ತೋರಿದಂತೆ ಮುಹಮ್ಮದರಿಗೂ ಅವರ ಮನೆತನಕ್ಕೂ ಕೃಪೆ ತೋರು ಎಂಬ ಬೇಡಿಕೆ. ಪ್ರತಿ ನಮಾಜಿನಲ್ಲೂ ಅಬ್ರಹಾಮನ ಹೆಸರು ಹೀಗೆ ತುಟಿಗೆ ಬರುತ್ತದೆ. ನಮಾಜ್ ಮುಗಿದ ಮೇಲೆ ಇದನ್ನು ಗಟ್ಟಿಯಾಗಿ ಹೇಳಿ ಅರ್ಥ ತಿಳಿಸಿ ಎಂದು ಇಮಾಮರನ್ನು ಕೇಳಿ. ಈ ಒಂದೇ ಕೋರಿಕೆಗಾಗಿ ಭೇಟಿ ಮಾಡಿದರೂ ಸಾರ್ಥಕ.

ನೀವು ಸಾಲಿನಲ್ಲಿ ನಿಂತು ಅನುಕರಿಸಬೇಕಿಲ್ಲ. ಕಲಿಮಾವನ್ನು ಕುತೂಹಲಕ್ಕೆ ಉಚ್ಚರಿಸಿ ನೋಡುವುದೂ ಬೇಡ. ಅದು ವಿಶ್ವಾಸದ ಘೋಷಣೆ.

ಮಾತುಕತೆಗೆ ಕೂತಾಗ

ಒಂದು ಪ್ರಶ್ನೆಯನ್ನು ಪ್ರತಿ ಉತ್ತರದ ಬೆನ್ನಿಗೂ ಕೇಳಿ: ಇದು ಕುರ್‌ಆನ್‌ನಲ್ಲಿದೆಯೇ, ಹದೀಸಿನಲ್ಲಿದೆಯೇ, ವಿದ್ವಾಂಸರ ಅಭಿಪ್ರಾಯವೇ, ರೂಢಿಯೇ? ಬಲಿಯ ಪ್ರಸಂಗದಲ್ಲಿ ಇದರ ಉಪಯೋಗ ಗೊತ್ತಾಗುತ್ತದೆ. ಆದಿಕಾಂಡ 22ರಲ್ಲಿ ಬಲಿಪೀಠದ ಮೇಲಿರುವವನು ಇಸಾಕ. ಮುಸ್ಲಿಮರಲ್ಲಿ ಬಹುತೇಕರು ಅದು ಇಸ್ಮಾಯಿಲ್ ಎನ್ನುತ್ತಾರೆ, ಬಕ್ರೀದ್ ಅದರ ನೆನಪಿಗೇ. ಆದರೆ ಕುರ್‌ಆನ್‌ನ ಆ ಭಾಗದಲ್ಲಿ (37:100–107) ಬಲಿಗೆ ಸಿದ್ಧನಾದ ಮಗನ ಹೆಸರಿಲ್ಲ. ಹಳೆಯ ಕಾಲದ ಕೆಲವು ವ್ಯಾಖ್ಯಾನಕಾರರು ಇಸ್ಹಾಕ್ ಎಂದೂ ಹೇಳಿದ್ದಾರೆ.

ಈಸಾರ ವಿಷಯದಲ್ಲಿ ಹೋಲಿಕೆ ಮತ್ತು ಭಿನ್ನತೆ ಎರಡನ್ನೂ ಪೂರ್ತಿ ಕೇಳಿ. ಕನ್ನಿಕೆ ಮರ್ಯಮರಿಂದ ಜನನ, ಮಸೀಹ ಎಂಬ ಬಿರುದು, ಕುರುಡರಿಗೆ ಕಣ್ಣು ಬರಿಸಿದ್ದು, ಕಾಲದ ಕೊನೆಯಲ್ಲಿ ಮರಳಿ ಬರುವುದು: ಇವೆಲ್ಲ ಮುಸ್ಲಿಮರ ನಂಬಿಕೆಯೂ ಹೌದು. ಕುರ್‌ಆನ್ ಹೆಸರಿಸುವ ಒಬ್ಬಳೇ ಹೆಂಗಸು ಮರ್ಯಮ್. ಆದರೆ ಈಸಾ ದೇವರ ಮಗ ಎಂಬುದನ್ನೂ ತ್ರಿತ್ವವನ್ನೂ ಕುರ್‌ಆನ್ ನಿರಾಕರಿಸುತ್ತದೆ (4:171). ಶಿಲುಬೆಯ ಮರಣವನ್ನೂ ಒಪ್ಪುವುದಿಲ್ಲ (4:157). ಕ್ರೈಸ್ತರಿಗೆ ಶಿಲುಬೆಯೇ ನಂಬಿಕೆಯ ನಡುಗಂಬ. ಎಲ್ಲ ಒಂದೇ ಎಂದು ಸಾರಿಸಿಬಿಟ್ಟರೆ ಇಬ್ಬರಿಗೂ ಅನ್ಯಾಯ.

ಇತಿಹಾಸ ಕೇಳುವಾಗಲೂ ಹಾಗೆಯೇ. 615ರ ಸುಮಾರಿಗೆ ಮೆಕ್ಕಾದ ಹಿಂಸೆ ತಾಳಲಾರದೆ ಹೋದ ಮುಸ್ಲಿಮರಿಗೆ ಆಸರೆ ಕೊಟ್ಟವನು ಅಬಿಸೀನಿಯಾದ (ಇಂದಿನ ಇಥಿಯೋಪಿಯಾ ಕಡೆ) ಕ್ರೈಸ್ತ ರಾಜ. ಅವನ ಮುಂದೆ ಆ ಮುಸ್ಲಿಮರಲ್ಲೊಬ್ಬರಾದ ಜಾಫರ್ ಸೂರಾ ಮರ್ಯಮಿನ ಭಾಗ ಓದಿದರೆಂದು ಪರಂಪರೆ ಹೇಳುತ್ತದೆ. ಆಶ್ರಮ, ಚರ್ಚು, ಸಿನಗಾಗು, ಮಸೀದಿ ಎಲ್ಲವನ್ನೂ ದೇವರ ನಾಮ ಸ್ಮರಿಸುವ ಜಾಗಗಳೆಂದು ಕುರ್‌ಆನ್ 22:40 ಒಟ್ಟಿಗೆ ಹೆಸರಿಸುತ್ತದೆ. ಮದೀನಾದ ಯಹೂದಿ ಕುಲಗಳೊಂದಿಗೆ ಮೊದಲು ಒಪ್ಪಂದವಾಯಿತು, ಮುಂದೆ ಕಲಹ, ಗಡೀಪಾರು, ಹತ್ಯೆ ನಡೆದವು. ಮುಸ್ಲಿಂ ಆಳ್ವಿಕೆಯಲ್ಲಿ ಗ್ರಂಥದವರಿಗೆ (ಯಹೂದಿಗಳು, ಕ್ರೈಸ್ತರು) ರಕ್ಷಣೆಯಿತ್ತು, ಜಿಜಿಯಾ ತೆರಿಗೆಯೂ ಇತ್ತು, ಸಮಾನ ಸ್ಥಾನ ಇರಲಿಲ್ಲ.

ಹಿಂದೂ ಧರ್ಮದ ಬಗ್ಗೆ ಕೇಳಿದರೆ ಉತ್ತರಗಳು ಹೆಚ್ಚು ಚದುರಿರುತ್ತವೆ, ಏಕೆಂದರೆ ಕುರ್‌ಆನ್‌ನಲ್ಲಿ ಅದರ ಹೆಸರಿಲ್ಲ. ಪ್ರತಿ ಸಮುದಾಯಕ್ಕೂ ದೂತರು ಬಂದಿದ್ದಾರೆ (10:47), ಅವರಲ್ಲಿ ಕೆಲವರ ಕಥೆ ಮಾತ್ರ ಹೇಳಲಾಗಿದೆ (40:78) ಎಂಬ ಮಾತುಗಳಿಂದ ಚರ್ಚೆ ಆರಂಭಿಸಿ. ಮೂರ್ತಿಪೂಜೆ ಮತ್ತು ಪುನರ್ಜನ್ಮದಲ್ಲಿ ದಾರಿಗಳು ಸ್ಪಷ್ಟವಾಗಿ ಬೇರೆಯಾಗುತ್ತವೆ. ಅರಿಯಲು ಯತ್ನಿಸಿದವರೂ ಇದ್ದರು: ವಿದ್ವಾಂಸ ಅಲ್‌ಬಿರೂನಿ ಸಂಸ್ಕೃತ ಕಲಿತು ಪತಂಜಲಿಯ ಯೋಗಗ್ರಂಥವನ್ನು ಅರಬ್ಬಿಗೆ ತಂದ, 1030ರ ಸುಮಾರಿಗೆ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ. ಮೊಘಲ್ ರಾಜಕುಮಾರ ದಾರಾ ಶಿಕೋಹ್ 1657ರಲ್ಲಿ ಐವತ್ತು ಉಪನಿಷತ್ತುಗಳನ್ನು ಪಾರಸಿಗೆ ತಂದ. ಸೂಫಿ ಶೇಖ್ ಫರೀದರ ಪದ್ಯಗಳು ಸಿಖ್ಖರ ಗುರು ಗ್ರಂಥ ಸಾಹಿಬ್‌ನಲ್ಲಿವೆ.

ಜಗತ್ತಿನಲ್ಲಿ ಎಲ್ಲೋ ನಡೆದದ್ದಕ್ಕೆ ಎದುರು ಕೂತವರಿಂದ ಜವಾಬು ಕೇಳಬೇಡಿ. ಅವರಿಗೂ ನಿಮ್ಮ ನಂಬಿಕೆಯ ಬಗ್ಗೆ ಪ್ರಶ್ನೆಗಳಿರುತ್ತವೆ, ಸಮಯದಲ್ಲಿ ಅರ್ಧ ಅವರಿಗೆ ಬಿಡಿ. ಗುಂಪಾಗಿ ಹೋದರೆ ಹದಿನೈದು ಜನರಿಗಿಂತ ಹೆಚ್ಚು ಬೇಡ. ಹೆಚ್ಚಾದರೆ ಹಿಂದೆ ಕೂತವರಿಗೆ ಮಾತು ತಲುಪುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಕಾರ್ಪೆಟ್ ಮೇಲೆ ಓಡಬಾರದೆಂದು ಹೊರಗೇ ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ ಹಂಚಿಬಿಡಿ.

ಮುಂದಿನ ಹೆಜ್ಜೆ

ಅದೇ ಗೆರೆ ಎಳೆದ ಹಾಳೆ ಹಿಡಿದು, ಒಂದು ತಿಂಗಳೊಳಗೆ ಸಾಧ್ಯವಾದರೆ ಚರ್ಚಿಗೂ ಸಿನಗಾಗಿಗೂ ಹೋಗಿ ಅಬ್ರಹಾಮ, ಯೋಸೇಫ, ಮೋಶೆಯರ ಬಗ್ಗೆ ಅವೇ ಪ್ರಶ್ನೆಗಳನ್ನು ಕೇಳಿ. ಮಸೀದಿಯಲ್ಲಿ ಇಮಾಮರು ಹೇಳಿದ ಬೈಬಲ್ ಅಲ್ಲಿ ಬೇರೆಯಾಗಿ ಕಾಣಬಹುದು, ಅದನ್ನೂ ಬರೆದುಕೊಳ್ಳಿ. ಸಿನಗಾಗಿಗೆ ಮಾತ್ರ ಮೊದಲೇ ತಿಳಿಸದೆ ಹೋಗಬೇಡಿ. ಹಲವೆಡೆ ಭದ್ರತಾ ತಪಾಸಣೆ ಇರುತ್ತದೆ, ಗುರುತಿನ ಚೀಟಿ ಕೇಳುತ್ತಾರೆ. ಶನಿವಾರ ಹೋಗುವುದಾದರೆ ಫೋನು ಹೊರತೆಗೆಯಬೇಡಿ, ಪೆನ್ನು ಹಾಳೆಯನ್ನೂ ಮನೆಯಲ್ಲೇ ಬಿಡಿ: ಸಬ್ಬತ್ ದಿನ ಬರೆಯುವುದು ಅವರಲ್ಲಿ ನಿಷಿದ್ಧ.